ಡಿಎಲ್‌ಎಸ್ ಒಂದು ಹೇಳುತ್ತದೆ, ಎಸ್‌ಇಎಂ ಇನ್ನೊಂದು: ಪಾಲಿಸ್ಟೈರೀನ್ ಕಣಗಳ ಅಳತೆ ಯಾವುದು ಸರಿ?

ಕುಕ್ಕರಹಳ್ಳಿ ಕೆರೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟ್ ಕೊಲಾಯ್ಡ್ ಹರಳುಗಳ ಮೇಲೆ, ಅಂದರೆ ದ್ರವದಲ್ಲಿ ತೇಲುವ ಪುಟ್ಟ ಕಣಗಳು ಸಾಲಾಗಿ ಕೂತು ಆಗುವ ಹರಳು. ಅದಕ್ಕೆ ಒಂದೇ ಗಾತ್ರದ ಪಾಲಿಸ್ಟೈರೀನ್ ಗುಂಡುಕಣಗಳು ಬೇಕು. ಹೊರಗಿನಿಂದ ತರಿಸೋಣ ಅಂದರೆ ಒಂದು ಚಿಕ್ಕ ಬಾಟಲಿಗೇ ಪ್ರಾಜೆಕ್ಟಿನ ದುಡ್ಡೆಲ್ಲ ಮುಗಿಯುತ್ತದೆ. ಹಾಗಾಗಿ ಲ್ಯಾಬಿನಲ್ಲೇ ಮಾಡಿದೆವು.

ವಿಧಾನ ಎಲ್ಲರಿಗೂ ಗೊತ್ತಿರುವುದೇ. ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಹಾಕದ ಎಮಲ್ಷನ್ ಪಾಲಿಮರೀಕರಣ, ಅಂದರೆ ನೀರಿನಲ್ಲಿ ಸ್ಟೈರೀನ್ ಸರಪಳಿಯಾಗಿ ಪಾಲಿಸ್ಟೈರೀನ್ ಕಣವಾಗುವುದು. ನೀರಿನ ಹತ್ತನೇ ಒಂದು ಪಾಲು ಸ್ಟೈರೀನ್, ಕ್ರಿಯೆ ಶುರು ಮಾಡಲು ಪೊಟ್ಯಾಸಿಯಂ ಪರ್‌ಸಲ್ಫೇಟ್, 70 ಡಿಗ್ರಿ, ನೈಟ್ರೋಜನ್, ನಿಮಿಷಕ್ಕೆ 350 ಸುತ್ತು, 24 ಗಂಟೆ. ಕೊನೆಯಲ್ಲಿ ಚೆನ್ನಾಗಿ ಹಾಲಿನ ಹಾಗೆ ಬೆಳ್ಳಗೆ ಬಂತು. ಕಲಕುವ ಬ್ಲೇಡಿಗೆ ಸ್ವಲ್ಪ ಕರಣೆ (ಗಡ್ಡೆ) ಅಂಟಿತ್ತು, ಗಾಜಿನ ಉಣ್ಣೆಯಲ್ಲಿ ಸೋಸಿದೆವು.

ತೊಂದರೆ ಈಗ. ಡಿಎಲ್‌ಎಸ್‌ನಲ್ಲಿ (ಚದರಿದ ಬೆಳಕಿನಿಂದ ಗಾತ್ರ ಅಳೆಯುವ ಯಂತ್ರ) ವ್ಯಾಸ 412 ನ್ಯಾನೋಮೀಟರ್, ಪಿಡಿಐ (ಗಾತ್ರ ಎಷ್ಟು ಹರಡಿದೆ ಅಂತ ತೋರಿಸುವ ಅಂಕಿ) 0.04. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಅಳೆದರೆ ಸರಾಸರಿ 371, ಏರಿಳಿತ ಶೇಕಡಾ 3. ನಲವತ್ತು ನ್ಯಾನೋಮೀಟರ್ ಎಲ್ಲಿಂದ ಬಂತು? ಪಿಡಿಐ 0.04 ಅಂದರೆ ಶೇಕಡಾ 4, ಹಾಗಾದರೆ ಎರಡೂ ಒಂದೇ ಹೇಳುತ್ತಿವೆ ಅಂತ ನಮ್ಮ ಬ್ಯಾಚಿನವರು ಹೇಳುತ್ತಾರೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ.

ತೂಬಿನಕೆರೆ ಗೇಟ್:

ನಂಬದೇ ಇದ್ದದ್ದು ಒಳ್ಳೆಯದಾಯಿತು. ಪಿಡಿಐ ಅಂದರೆ ಏರಿಳಿತದ ವರ್ಗ. ಗಾತ್ರದ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಸಿಗುವುದು ಅದು. 0.04ರ ವರ್ಗಮೂಲ 0.2. ಅಂದರೆ ಶೇಕಡಾ 20! ಎಸ್‌ಇಎಂ 3 ಅನ್ನುತ್ತಿದೆ, ಡಿಎಲ್‌ಎಸ್ 20 ಅನ್ನುತ್ತಿದೆ. ಎಲ್ಲಿಂದೆಲ್ಲಿಗೆ?

ಆದರೂ ಗಾಬರಿ ಬೀಳಬೇಡಿ. ಶೇಕಡಾ 3 ಏರಿಳಿತ ಇರುವ ಲೇಟೆಕ್ಸ್‌ಗೆ (ಕಣಗಳು ತೇಲುವ ಈ ಹಾಲಿನಂಥ ದ್ರವಕ್ಕೆ) ಲೆಕ್ಕದ ಪ್ರಕಾರ ಪಿಡಿಐ 0.0009 ಬರಬೇಕು. ಅಷ್ಟು ಚಿಕ್ಕದನ್ನು ಆ ಯಂತ್ರ ಕಾಣುವುದಿಲ್ಲ. ಒಳ್ಳೆಯ ಸ್ಯಾಂಪಲ್ ಹಾಕಿದರೂ 0.01, 0.02 ಅಂತ ಸುಮ್ನೆ ತೋರಿಸುತ್ತಿರುತ್ತದೆ. ಅದರ ಕೆಳಗಿನ ಅಂಕಿಗೆ ಅರ್ಥ ಇಲ್ಲ. ಡಿಎಲ್‌ಎಸ್ ಕೇಳಿ "ಕೆಟ್ಟಿದೆಯಾ" ಅಂತ ತಿಳಿಯಬಹುದು, "ಎಷ್ಟು ಚೆನ್ನಾಗಿದೆ" ಅಂತ ತಿಳಿಯಲು ಆಗುವುದಿಲ್ಲ.

0.04 ಬಂದಿದೆ ಅಂದರೆ ಎಲ್ಲೋ ಜೋಡಿಕಣಗಳೋ ಧೂಳೋ ಸೇರಿದೆ. ಡಿಎಲ್‌ಎಸ್ ಎಣಿಸುವುದು ಬೆಳಕನ್ನು. ಚಿಕ್ಕ ಕಣಗಳಲ್ಲಿ ಚದರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಹೋಗುತ್ತದೆ, ವ್ಯಾಸ ಎರಡರಷ್ಟಾದರೆ ಬೆಳಕು 64 ಪಟ್ಟು. ನೂರರಲ್ಲಿ ಎರಡು ದಪ್ಪ ಕಣ ಇದ್ದರೂ ಅವೇ ಮಾತಾಡುತ್ತವೆ.

ಸಮೀಕರಣ:

ಒಂದು ತಿದ್ದುಪಡಿ. ಆರನೇ ಘಾತದ ನಿಯಮ ಬೆಳಕಿನ ತರಂಗಕ್ಕಿಂತ ತುಂಬಾ ಚಿಕ್ಕ ಕಣಗಳಿಗೆ. 400 ನ್ಯಾನೋಮೀಟರ್ ಕಣಕ್ಕೆ ಅದು ನೇರವಾಗಿ ಕೂರುವುದಿಲ್ಲ, ಕೋನದ ಮೇಲೂ ಹೋಗುತ್ತದೆ. ದೊಡ್ಡದರ ಧ್ವನಿ ಜೋರು ಅನ್ನುವುದಂತೂ ನಿಜ.

ಈಗ ನನ್ನ ಪ್ರಶ್ನೆ. ಸ್ಯಾಂಪಲ್ಲನ್ನು ಫ್ರಿಜ್‌ನಿಂದ ತೆಗೆದು ಸೀದಾ ಯಂತ್ರಕ್ಕೆ ಇಟ್ಟಿರಾ?

ಕುಕ್ಕರಹಳ್ಳಿ ಕೆರೆ:

ಹೌದು ಸರ್. ಬುಕಿಂಗ್ ಸಮಯ ಅರ್ಧ ಗಂಟೆ ಮಾತ್ರ ಇತ್ತು. ಯಂತ್ರ 25 ಡಿಗ್ರಿ ಅಂತ ತೋರಿಸುತ್ತಿತ್ತು.

ಸಮೀಕರಣ:

25 ಇದ್ದದ್ದು ಯಂತ್ರದ ಲೋಹ. ಕುವೆಟ್ (ಸ್ಯಾಂಪಲ್ ಹಾಕುವ ಪುಟ್ಟ ಡಬ್ಬಿ) ಒಳಗಿನ ನೀರಲ್ಲ.

ಡಿಎಲ್‌ಎಸ್ ಗಾತ್ರವನ್ನು ನೇರವಾಗಿ ನೋಡುವುದೇ ಇಲ್ಲ. ಕಣ ಎಷ್ಟು ಚುರುಕಾಗಿ ಅಲೆದಾಡುತ್ತದೆ ಅಂತ ಬೆಳಕಿನ ಮಿನುಗುವಿಕೆಯಿಂದ ಲೆಕ್ಕ ಹಾಕುತ್ತದೆ. ಆಮೇಲೆ ಸ್ಟೋಕ್ಸ್–ಐನ್‌ಸ್ಟೈನ್ ಸೂತ್ರಕ್ಕೆ ಉಷ್ಣತೆ, ನೀರಿನ ಸ್ನಿಗ್ಧತೆ ಹಾಕಿ ವ್ಯಾಸ ಬರೆದುಕೊಡುತ್ತದೆ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.00 ಮಿಲಿಪ್ಯಾಸ್ಕಲ್-ಸೆಕೆಂಡ್, 25ರಲ್ಲಿ 0.89. ನೀರು ನಿಜಕ್ಕೂ 20 ಡಿಗ್ರಿಯಲ್ಲಿದ್ದು ಯಂತ್ರ 25 ಅಂದುಕೊಂಡರೆ, ವ್ಯಾಸ ಹತ್ತಿರಹತ್ತಿರ ಶೇಕಡಾ 14 ಜಾಸ್ತಿ ಬರುತ್ತದೆ. ನಿಮ್ಮ 412ಕ್ಕೂ 371ಕ್ಕೂ ವ್ಯತ್ಯಾಸ ಶೇಕಡಾ 11. ಪೂರ್ತಿ ಇದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಪರೀಕ್ಷೆ ಸುಲಭ. ಕುವೆಟ್ ತೆಗೆಯದೆ ಒಂದರ ಹಿಂದೆ ಒಂದು ಅಳತೆ ಓಡಿಸಿ. ಅಂಕಿ ಒಂದೇ ದಿಕ್ಕಿಗೆ ಇಳಿಯುತ್ತಾ ಹೋದರೆ ನೀರು ಇನ್ನೂ ಬೆಚ್ಚಗಾಗುತ್ತಿದೆ ಅಂತ. ಆಚೀಚೆ ಕುಣಿದರೆ ಧೂಳು. ಒಂದೇ ಕಡೆ ನಿಂತಮೇಲೆ ಬರುವುದನ್ನು ಬರೆದುಕೊಳ್ಳಿ.

ಇನ್ನೊಂದು, ತೆಳು ಮಾಡಿದ್ದು ಯಾವ ನೀರಿನಲ್ಲಿ?

ಕುಕ್ಕರಹಳ್ಳಿ ಕೆರೆ:

ಡಿಅಯಾನೈಸ್ಡ್ ನೀರು. ಶುದ್ಧ ಇದ್ದಷ್ಟೂ ಒಳ್ಳೆಯದು ಅಲ್ವಾ?

ತೂಬಿನಕೆರೆ ಗೇಟ್:

ಈ ಅಳತೆಗೆ ಅಲ್ಲ. ನಿಮ್ಮ ಕಣದ ಮೈಮೇಲೆ ಸಲ್ಫೇಟ್ ಗುಂಪುಗಳಿವೆ, ಪರ್‌ಸಲ್ಫೇಟ್‌ನಿಂದ ಬಂದವು. ಋಣ ಚಾರ್ಜು. ಅದರ ಸುತ್ತ ಅಯಾನುಗಳ ಮೋಡ ಇರುತ್ತದೆ. ನೀರಿನಲ್ಲಿ ಉಪ್ಪೇ ಇಲ್ಲದಿದ್ದರೆ ಆ ಮೋಡ ದೂರದವರೆಗೆ ಹರಡಿಕೊಳ್ಳುತ್ತದೆ, ಕಣ ಅದನ್ನೂ ಎಳೆದುಕೊಂಡು ನಿಧಾನ ಹೋಗುತ್ತದೆ. ಯಂತ್ರ ಅದನ್ನು ದಪ್ಪ ಅಂತ ಓದುತ್ತದೆ. 10 ಮಿಲಿಮೋಲಾರ್ ಅಡುಗೆ ಉಪ್ಪು, ಅಂದರೆ ಶುದ್ಧ ಸೋಡಿಯಂ ಕ್ಲೋರೈಡ್, ಹಾಕಿದರೆ ಮೋಡದ ದಪ್ಪ ಸುಮಾರು 3 ನ್ಯಾನೋಮೀಟರ್‌ಗೆ ಇಳಿಯುತ್ತದೆ. ಗಾತ್ರ ಗೊತ್ತಿರುವ ಮಾದರಿ ಕಣಗಳನ್ನು ಪರೀಕ್ಷಿಸುವಾಗಲೂ ಹಾಗೇ ಮಾಡುವುದು ರೂಢಿ. ಉಪ್ಪಿನ ದ್ರಾವಣವನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಹಾಕಿ. ಲೇಟೆಕ್ಸನ್ನು ಅದರಲ್ಲಿ ಸೋಸಲು ಹೋಗಬೇಡಿ, ಕಣವೆಲ್ಲ ಫಿಲ್ಟರಿನಲ್ಲೇ ಉಳಿಯುತ್ತದೆ. ಗೊತ್ತಿರುವ ವಿಷಯವೇ, ಆದರೂ ಅವಸರದಲ್ಲಿ ಮಾಡುವವರನ್ನು ನೋಡಿದ್ದೇನೆ.

ಬೈಂಡರ್ ಬಸಣ್ಣ:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪೇಂಟ್ ಬೈಂಡರ್ ಕೆಲಸದವನು. ನಮ್ಮಲ್ಲಿ ಟನ್‌ಗಟ್ಟಲೆ ಎಮಲ್ಷನ್ ಆಗುತ್ತದೆ. ಘನಾಂಶ ಎಷ್ಟು, ಗಟ್ಟಿತನ ಎಷ್ಟು, ಕರಣೆ ಎಷ್ಟು ಅಂತ ನೋಡುತ್ತೇವೆ, ಟ್ಯಾಂಕರ್ ಕಳಿಸುತ್ತೇವೆ. ಎಲ್ಲಾ ಕಣ ಒಂದೇ ಗಾತ್ರ ಇದ್ದರೆ ನಮಗೆ ನಷ್ಟವೇ. ದೊಡ್ಡ ಕಣಗಳ ಸಂದಿಯಲ್ಲಿ ಚಿಕ್ಕವು ಕೂತರೆ ಅದೇ ನೀರಿಗೆ ಜಾಸ್ತಿ ಪಾಲಿಮರ್ ಹಿಡಿಸುತ್ತದೆ, ಆದರೂ ಸಲೀಸಾಗಿ ಹರಿಯುತ್ತದೆ. ಶೇಕಡಾ 3 ಇದ್ದರೇನು, 10 ಇದ್ದರೇನು ಅಂತ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾತಕ್ಕೆ? ಕುಹಕ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಸಮೀಕರಣ:

ಬಸಣ್ಣೋರೇ, ಒಳ್ಳೆ ಪ್ರಶ್ನೆ. ನಿಮಗೆ ಲೇಟೆಕ್ಸ್ ಸರಕು. ಇವರಿಗೆ ಕಣವೇ ಅಣುವಿನ ಜಾಗದಲ್ಲಿ ನಿಲ್ಲುವ ವಸ್ತು. ಅಣು ಹೇಗೆ ಸಾಲಾಗಿ ಹರಳಾಗುತ್ತದೆ, ಯಾವಾಗ ಗಾಜಿನ ಹಾಗೆ ಸಿಕ್ಕಿಬೀಳುತ್ತದೆ ಅಂತ ಕಣ್ಣಲ್ಲಿ ನೋಡಲು ಆಗುವುದಿಲ್ಲ. ಅರ್ಧ ಮೈಕ್ರಾನ್ ಕಣದ ಆಟವನ್ನು ಸೂಕ್ಷ್ಮದರ್ಶಕದಲ್ಲಿ ಕೂತು ನೋಡಬಹುದು.

1986ರಲ್ಲಿ ಪ್ಯೂಸಿ, ವಾನ್ ಮೆಗೆನ್ ಅನ್ನುವ ಇಬ್ಬರು ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಕಣಗಳಲ್ಲಿ ಇದನ್ನು ತೋರಿಸಿದರು. ಕಣಗಳು ತುಂಬಿರುವ ಜಾಗ ಶೇಕಡಾ 49.4 ದಾಟಿದರೆ ಹರಳು ಕಾಣಿಸಿಕೊಳ್ಳಬೇಕು, 54.5 ದಾಟಿದರೆ ಪೂರ್ತಿ ಹರಳು, 58ರ ಸುತ್ತಮುತ್ತ ಗಾಜು. ಒಂದಕ್ಕೊಂದು ಎಳೆಯದ, ತಾಗಿದಾಗ ಮಾತ್ರ ತಳ್ಳುವ ಗುಂಡುಗಳಿಗೆ ಈ ಅಂಕಿಗಳು. ಗಾತ್ರದ ಏರಿಳಿತ ಶೇಕಡಾ 7–8 ದಾಟಿದರೆ ಹರಳಾಗುವುದು ತುಂಬಾ ಕಷ್ಟ, ಎಷ್ಟು ಕಾದರೂ ಸುಮ್ಮನೆ ಕೂತಿರುತ್ತವೆ. ಹಾಗಾಗಿ 3ಕ್ಕೂ 10ಕ್ಕೂ ಇರುವ ವ್ಯತ್ಯಾಸ ಇಲ್ಲಿ ಪ್ರಯೋಗ ಇದೆ, ಇಲ್ಲ ಅನ್ನುವ ವ್ಯತ್ಯಾಸ.

ಇನ್ನೊಂದು ಪೇಚು ನೋಡಿ. ತುಂಬಿರುವ ಜಾಗ ಲೆಕ್ಕ ಹಾಕಲು ವ್ಯಾಸದ ಘನ ಬೇಕು. ವ್ಯಾಸದಲ್ಲಿ ಶೇಕಡಾ 3 ತಪ್ಪಿದರೆ ಘನಗಾತ್ರದಲ್ಲಿ 9 ತಪ್ಪುತ್ತದೆ. 49 ಅಂದುಕೊಂಡದ್ದು 53 ಆಗಿರಬಹುದು. ಎಷ್ಟೋ ಪ್ರಬಂಧಗಳ ಜಗಳದ ಮೂಲ ಇದೇ.

ಗಾಜುಕುಪ್ಪಿ:

ಎಸ್‌ಇಎಂ ಬಗ್ಗೆ ಯಾರೂ ಕೇಳಲಿಲ್ಲ. 371 ಅನ್ನುವುದು ದೇವರು ಕೊಟ್ಟ ಅಂಕಿ ಏನಲ್ಲ. ನಾನು ಉಪಕರಣ ನೋಡಿಕೊಳ್ಳುವವನು, ದಿನಾ ಇಂಥ ಸ್ಯಾಂಪಲ್ ಬರುತ್ತವೆ.

ಮೊದಲನೆಯದು, ಎಷ್ಟು ಕಿಲೋವೋಲ್ಟ್? ಪಾಲಿಸ್ಟೈರೀನ್ ಎಲೆಕ್ಟ್ರಾನ್ ಏಟು ತಡೆಯುವುದಿಲ್ಲ. 20 ಕಿಲೋವೋಲ್ಟ್‌ನಲ್ಲಿ ಫೋಕಸ್ ಮಾಡುತ್ತಾ ಒಂದೇ ಕಡೆ ನಿಂತರೆ ಕಣ್ಣೆದುರೇ ಕಣ ಕುಗ್ಗುತ್ತದೆ, ಪಕ್ಕದ ಕಣಕ್ಕೆ ಕತ್ತು ಬೆಳೆಸಿಕೊಂಡು ಅಂಟುತ್ತದೆ. 5ಕ್ಕೆ ಇಳಿಸಿ. ಒಂದು ಜಾಗದಲ್ಲಿ ಫೋಕಸ್ ಮಾಡಿ, ಪಕ್ಕಕ್ಕೆ ಸರಿದು ಹೊಸ ಜಾಗದಲ್ಲಿ ಫೋಟೋ ತೆಗೆಯಿರಿ.

ಎರಡನೆಯದು, ಚಿನ್ನದ ಲೇಪ. 10 ನ್ಯಾನೋಮೀಟರ್ ಬಳಿದರೆ ಎರಡೂ ಬದಿ ಸೇರಿ ವ್ಯಾಸಕ್ಕೆ 20 ಕೂಡಿಕೊಳ್ಳುತ್ತದೆ. ತೆಳುವಾಗಿ ಬಳಿಯಲು ಹೇಳಿ, ಎಷ್ಟು ಬಳಿದರು ಅಂತ ಬರೆದಿಟ್ಟುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಲ್ಲಿ ಅಳೆದಿರಿ? ಹನಿ ಒಣಗುವಾಗ ಒಂದೇ ಗಾತ್ರದವು ಜೇನುಗೂಡಿನ ಹಾಗೆ ಸಾಲು ಕೂರುತ್ತವೆ. ಅಳತೆ ತಪ್ಪಿದವನ್ನು ಹರಳು ಒಳಗೆ ಸೇರಿಸಿಕೊಳ್ಳುವುದಿಲ್ಲ, ಅಂಚಿಗೆ, ಬಿರುಕಿನ ಬಾಯಿಗೆ ತಳ್ಳುತ್ತದೆ. ನೋಡಲು ಚಂದ ಅಂತ ಸಾಲು ಕೂತ ಜಾಗದ ಫೋಟೋ ಮಾತ್ರ ತೆಗೆದು ಅಳೆದರೆ ಏರಿಳಿತ ಕಮ್ಮಿ ಬಂದೇ ಬರುತ್ತದೆ. ಶೇಕಡಾ 3 ಅಂತ ಹೇಳಬೇಕಾದರೆ ಅಂಚನ್ನೂ ಅಳೆಯಬೇಕು. ತುಂಬಾ ತೆಳು ಮಾಡಿ ಕಣಗಳು ಬಿಡಿಬಿಡಿಯಾಗಿ ಬಿದ್ದಿರುವ ಸ್ಯಾಂಪಲ್ ಒಂದು ಬೇರೆ ಮಾಡಿಕೊಳ್ಳಿ. ಕಾರ್ಬನ್ ಟೇಪಿನ ಮೇಲೆ ಹಾಕಬೇಡಿ, ಅಂಟಿನಲ್ಲಿ ಕಣ ಅರ್ಧ ಮುಳುಗುತ್ತದೆ. ಸಿಲಿಕಾನ್ ಚೂರು ಒಳ್ಳೆಯದು.

ಸಾಲು ಕೂತ ಜಾಗಕ್ಕೂ ಒಂದು ಉಪಯೋಗ ಇದೆ. ನೆಟ್ಟಗಿನ ಒಂದು ಸಾಲಿನಲ್ಲಿ ಮೊದಲ ಕಣದ ನಡುವಿನಿಂದ ಹನ್ನೊಂದನೇ ಕಣದ ನಡುವಿಗೆ ಗೆರೆ ಎಳೆದು ಹತ್ತರಿಂದ ಭಾಗಿಸಿ. ಅಂಚು ಎಲ್ಲಿ ಮುಗಿಯಿತು ಅನ್ನುವ ಗೊಂದಲ ಇರುವುದಿಲ್ಲ, ಸರಾಸರಿ ಚೆನ್ನಾಗಿ ಸಿಗುತ್ತದೆ. ಏರಿಳಿತ ಮಾತ್ರ ಅದರಿಂದ ತಿಳಿಯುವುದಿಲ್ಲ. ಸಾಲಿನಲ್ಲಿ ಬಿರುಕು ಇದ್ದರೆ ಅದನ್ನು ಬಿಟ್ಟುಬಿಡಿ.

ಕುಕ್ಕರಹಳ್ಳಿ ಕೆರೆ:

15 ಕಿಲೋವೋಲ್ಟ್. ಸಾಲು ಕೂತ ಜಾಗದ ಫೋಟೋನೇ ಸರ್, ಗೈಡ್ ಅದನ್ನೇ ವರದಿಗೆ ಹಾಕು ಅಂದರು. ಪಕ್ಕದ ಫೋಟೋ ಒಂದರಲ್ಲಿ ಅಂಚಿನ ಹತ್ತಿರ ಸುಮಾರು 300ರ ಗಾತ್ರದ ಚಿಕ್ಕ ಕಣಗಳ ಗುಂಪು ಕಾಣುತ್ತಿದೆ. ಅವನ್ನು ಕಸ ಅಂದುಕೊಂಡಿದ್ದೆವು.

ಹಳೇ ಮೇಷ್ಟ್ರು:

ಅಮ್ಮಾ, ಅದು ಕಸ ಅಲ್ಲ. ನಿಮ್ಮ ಬ್ಯಾಚಿನ ಜಾತಕ ಅಲ್ಲಿದೆ.

ಈ ಕಣಗಳು ಹೇಗೆ ಹುಟ್ಟುತ್ತವೆ ನೋಡಿ. ಸ್ಟೈರೀನ್ ನೀರಿನಲ್ಲಿ ಕರಗುವುದು ತೀರಾ ಕಮ್ಮಿ, ಲೀಟರಿಗೆ ಸುಮಾರು 0.3 ಗ್ರಾಂ. ಆ ಕರಗಿದ ಚೂರಿನಲ್ಲೇ ಆಟ ಶುರು. ಪರ್‌ಸಲ್ಫೇಟ್ ಒಡೆದು ಬಂದ ರ‍್ಯಾಡಿಕಲ್‌ಗೆ ಸ್ಟೈರೀನ್ ಒಂದೊಂದೇ ಸೇರಿ ಸರಪಳಿ ಬೆಳೆಯುತ್ತದೆ. ಒಂದು ಉದ್ದ ದಾಟಿದ ಮೇಲೆ ನೀರಿನಲ್ಲಿ ನಿಲ್ಲಲಾರದೆ ಬೇರೆಯಾಗಿ ಪುಟ್ಟ ಕಣವಾಗುತ್ತದೆ. ಅವಕ್ಕೆ ಚಾರ್ಜು ಸಾಲದು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೈಮೇಲೆ ಸಾಕಷ್ಟು ಸಲ್ಫೇಟ್ ಆದಮೇಲೆ ಅಂಟುವುದು ನಿಲ್ಲುತ್ತದೆ. ಅಲ್ಲಿಗೆ ಕಣಗಳ ಸಂಖ್ಯೆ ಖಾಯಂ. ಉಳಿದ ಇಡೀ ದಿನ ಅವು ಬರೀ ಬೆಳೆಯುತ್ತವೆ. ಫ್ಲಾಸ್ಕಿನ ಹಿಂದೆ ಕಪ್ಪು ಕಾಗದ ಹಿಡಿದು ನೋಡಿ, ಮೊದಲು ತೆಳು ನೀಲಿ ಛಾಯೆ ಬರುತ್ತದೆ, ಆಮೇಲೆ ಹಾಲು. ಆ ನೀಲಿಯ ಹೊತ್ತಿನಲ್ಲೇ ಎಲ್ಲಾ ತೀರ್ಮಾನ ಆಗಿಹೋಗಿರುತ್ತದೆ.

ಮದುವೆ ಊಟದ ಪಂಕ್ತಿ ಇದ್ದ ಹಾಗೆ. ಒಟ್ಟಿಗೆ ಎಲೆ ಮುಂದೆ ಕೂತವರಿಗೆಲ್ಲ ಒಂದೇ ಸಮ ಬಡಿಸುತ್ತಾರೆ. ಪಾಯಸದ ಹೊತ್ತಿಗೆ ಬಂದು ಕೂತವನ ಹೊಟ್ಟೆ ಅರ್ಧವೇ.

ಲೆಕ್ಕ ಹಾಕಿ ತೋರಿಸುತ್ತೇನೆ. ಶುರುವಿನಲ್ಲಿ ಒಂದು ಕಣ 50 ನ್ಯಾನೋಮೀಟರ್, ಇನ್ನೊಂದು 60 ಅನ್ನಿ. ಶೇಕಡಾ 20 ವ್ಯತ್ಯಾಸ. ಎರಡಕ್ಕೂ ಒಂದೇ ಪ್ರಮಾಣದ ಪಾಲಿಮರ್ ಕೂಡುತ್ತಾ ಹೋಗಿ ಮೊದಲನೆಯದು 400 ಆಯಿತು ಅಂದರೆ, ಎರಡನೆಯದು 400.2 ಆಗಿರುತ್ತದೆ. ವ್ಯತ್ಯಾಸ ತಾನಾಗಿಯೇ ಅಳಿಸಿಹೋಯಿತು! ಘನದ ಮಹಿಮೆ. ಆದರೆ ಅರ್ಧ ಸ್ಟೈರೀನ್ ಖರ್ಚಾದ ಮೇಲೆ ಹೊಸ ಕಣ ಹುಟ್ಟಿದರೆ ಅದು ಸುಮಾರು 317ಕ್ಕೆ ನಿಲ್ಲುತ್ತದೆ. ನಿಮ್ಮ 300ರ ಗುಂಪು ನಡುವೆ ಬಂದು ಕೂತವರದ್ದು. ಎರಡಕ್ಕೂ ಒಂದೇ ಪ್ರಮಾಣ ಅನ್ನುವುದು ಸ್ವಲ್ಪ ಸರಳ ಮಾಡಿದ ಲೆಕ್ಕ, ಕಣ ದೊಡ್ಡದಾದ ಮೇಲೆ ದೊಡ್ಡದು ಜಾಸ್ತಿ ತಿನ್ನುತ್ತದೆ. ಪಾಠಕ್ಕೆ ಇಷ್ಟು ಸಾಕು.

ಈಗ ಹೇಳಿ. ಪರ್‌ಸಲ್ಫೇಟನ್ನು ಹೇಗೆ ಹಾಕಿದಿರಿ? ಸ್ಟೈರೀನ್ ತೊಳೆದಿರಾ? ನಡುವೆ ಕರೆಂಟ್ ಹೋಗಿತ್ತಾ?

ಕುಕ್ಕರಹಳ್ಳಿ ಕೆರೆ:

ಸ್ಟೈರೀನ್ ತೊಳೆದಿದ್ದೆವು ಸರ್. ಪರ್‌ಸಲ್ಫೇಟ್ ದ್ರಾವಣ ಡ್ರಾಪಿಂಗ್ ಫನಲ್‌ನಲ್ಲಿ ಹನಿಹನಿಯಾಗಿ. ರಾತ್ರಿ ಒಮ್ಮೆ ಕರೆಂಟ್ ಹೋಗಿ ಬಂತು ಅಂತ ವಾಚ್‌ಮನ್ ಹೇಳಿದರು.

ಹಳೇ ಮೇಷ್ಟ್ರು:

ಹನಿಹನಿ ಬೇಡ. ಅದನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಫ್ಲಾಸ್ಕ್ 70ರಲ್ಲಿ ನಿಂತ ಮೇಲೆ, ಒಂದೇ ಸಲ ಸುರಿದುಬಿಡಿ. ಹನಿಹನಿ ಹಾಕಿದರೆ ಹುಟ್ಟುವ ಹೊತ್ತನ್ನು ನೀವೇ ಎಳೆದ ಹಾಗೆ.

ನೈಟ್ರೋಜನನ್ನು ಮೊದಲು ನೀರಿನೊಳಗೆ ಗುಳ್ಳೆ ಬಿಡಿ, ಅರ್ಧ ಗಂಟೆಯಾದರೂ. ಸ್ಟೈರೀನ್ ಹಾಕಿದ ಮೇಲೆ ಕೊಳವೆ ಮೇಲೆತ್ತಿ, ದ್ರವದ ಮೇಲೆ ಹಾಯುತ್ತಿರಲಿ. ಒಳಗೇ ಬಿಟ್ಟರೆ ಗಾಳಿಯ ಜೊತೆ ಸ್ಟೈರೀನೂ ಹೋಗುತ್ತದೆ, ಲ್ಯಾಬೆಲ್ಲ ವಾಸನೆ. ಆಮ್ಲಜನಕ ಉಳಿದಿದ್ದರೆ ಅದು ಮುಗಿಯುವವರೆಗೆ ಏನೂ ಆಗುವುದಿಲ್ಲ, ಒಂದೊಂದು ಬ್ಯಾಚಿಗೆ ಒಂದೊಂದು ಹೊತ್ತು. ಸ್ಟೈರೀನ್ ಬಾಟಲಿಯಲ್ಲಿ ಇರುವ ಟಿಬಿಸಿ (ತಾನಾಗಿ ಪಾಲಿಮರ್ ಆಗದಂತೆ ತಡೆಯಲು ಹಾಕಿರುವ ವಸ್ತು) ಕೂಡ ಇದೇ ಕಾಟ ಕೊಡುತ್ತದೆ. ಶೇಕಡಾ 10ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಆಮೇಲೆ ಕ್ಷಾರ ಹೋಗುವವರೆಗೆ ನೀರಿನಲ್ಲಿ ತೊಳೆಯಬೇಕು. ಇಲ್ಲವೇ ಅಲ್ಯೂಮಿನಾ ಕಾಲಮ್ಮಿನಲ್ಲಿ ಇಳಿಸಿ.

ಕಲಕಲು ಅರ್ಧಚಂದ್ರದ ಟೆಫ್ಲಾನ್ ಬ್ಲೇಡ್ ಇರಲಿ. ಮ್ಯಾಗ್ನೆಟ್ ಬಿಲ್ಲೆ ತಳಕ್ಕೆ ಉಜ್ಜಿ ಉಜ್ಜಿ ಕರಣೆ ಮಾಡುತ್ತದೆ.

ಕರೆಂಟ್ ವಿಷಯ. ರಾತ್ರಿ ಹೋದರೆ ಅಷ್ಟು ಕೇಡಿಲ್ಲ, ಮೊದಲ ಒಂದು ಗಂಟೆಯಲ್ಲಿ ಹೋದರೆ ಆ ಬ್ಯಾಚ್ ಚೆಲ್ಲಿ. ಸ್ಟಿರರನ್ನಾದರೂ ಯುಪಿಎಸ್‌ಗೆ ಹಾಕಿಸಿಕೊಳ್ಳಿ.

ಅಲ್ಪಮತಿ:

ಬಿ.ಎಸ್ಸಿ. ಓದುವವನ ಪ್ರಶ್ನೆ. ಗಾತ್ರ ಬದಲಾಯಿಸಬೇಕಾದರೆ ಏನು ಮಾಡಬೇಕು? ಹೊತ್ತು ಜಾಸ್ತಿ ಕುದಿಸಿದರೆ ದೊಡ್ಡದಾಗುತ್ತದಾ?

ತೂಬಿನಕೆರೆ ಗೇಟ್:

ಸ್ಟೈರೀನ್ ಮುಗಿದ ಮೇಲೆ ಎಷ್ಟು ಹೊತ್ತು ಇಟ್ಟರೂ ಬೆಳೆಯುವುದಿಲ್ಲ. ಸಾಮಾನು ಖಾಲಿ.

ಬ್ರಿಸ್ಟಲ್‌ನ ಗುಡ್ವಿನ್, ಆಟ್‌ವಿಲ್ ಮತ್ತು ಜೊತೆಯವರು 1974ರಲ್ಲಿ ಇದನ್ನೆಲ್ಲ ಒಂದೊಂದಾಗಿ ಬದಲಿಸಿ ನೋಡಿದ್ದಾರೆ. ಸ್ಟೈರೀನ್ ಹೆಚ್ಚಿಸಿದರೆ ಕಣ ದೊಡ್ಡದು. ಉಷ್ಣತೆ ಹೆಚ್ಚಿಸಿದರೆ ಚಿಕ್ಕದು. ನೀರಿನಲ್ಲಿ ಉಪ್ಪು ಹೆಚ್ಚಾದರೆ ದೊಡ್ಡದು, ಯಾಕೆಂದರೆ ಪುಟ್ಟ ಕಣಗಳ ಚಾರ್ಜು ಮಂಕಾಗಿ ಅವು ಜಾಸ್ತಿ ಹೊತ್ತು ಅಂಟಿಕೊಳ್ಳುತ್ತವೆ.

ಈ ಉಪ್ಪಿನ ವಿಷಯ ನಮ್ಮ ಮಂಡ್ಯ ಕಡೆಯವರಿಗೆ ಬಿಸಿಬಿಸಿ. ಬೋರ್‌ವೆಲ್ ನೀರು ಗಡಸು. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಅಂದರೆ ಕ್ಯಾಲ್ಸಿಯಂ ಲೆಕ್ಕದಲ್ಲಿ 5 ಮಿಲಿಮೋಲಾರ್. ಎರಡು ಚಾರ್ಜಿನ ಅಯಾನು ಒಂದು ಚಾರ್ಜಿನದ್ದಕ್ಕಿಂತ ಎಷ್ಟೋ ಪಟ್ಟು ಬಲವಾಗಿ ಲೇಟೆಕ್ಸನ್ನು ಒಡೆಯುತ್ತದೆ. ಶುಲ್ಜ್–ಹಾರ್ಡಿ ನಿಯಮದ ಲೆಕ್ಕದಲ್ಲಿ 64 ಪಟ್ಟಿನವರೆಗೂ. ಫ್ಲಾಸ್ಕನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಓವನ್‌ನಲ್ಲಿ ಒಣಗಿಸಿದರೆ ಗಾಜಿನ ಮೇಲೆ ಬಿಳಿ ಕಲೆ ನಿಲ್ಲುತ್ತದಲ್ಲ, ಅದೇ ಕ್ಯಾಲ್ಸಿಯಂ. ಮುಂದಿನ ಬ್ಯಾಚಿಗೆ ಅದು ಹೇಳದೆ ಕೇಳದೆ ಸೇರಿಕೊಳ್ಳುತ್ತದೆ. ಸ್ವಲ್ಪ ಆಸಿಡ್ ಹಾಕಿ ಆಡಿಸಿ, ಕೊನೆಗೆ ಡಿಅಯಾನೈಸ್ಡ್ ನೀರಿನಲ್ಲಿ ತೊಳೆಯಿರಿ. ಕುಡಿಯುವ ಆರ್‌ಒ ನೀರು ಸಾಕು ಅಂತ ಕೆಲವರು ಅನ್ನುತ್ತಾರೆ. ಸಾಲದು. ಮನೆಯ ಎಷ್ಟೋ ಯಂತ್ರಗಳು ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತವೆ.

ಬೈಂಡರ್ ಬಸಣ್ಣ:

ಇದು ನಿಜ. ಬೇಸಿಗೆಯಲ್ಲಿ ಬೋರ್ ನೀರು ಬದಲಾದರೆ ನಮಗೂ ಕರಣೆ ಹೆಚ್ಚು. ಸರ್ಫ್ಯಾಕ್ಟಂಟ್ ಸ್ವಲ್ಪ ಹಾಕಿಬಿಡಿ, ಇಷ್ಟೆಲ್ಲ ತಲೆನೋವೇ ಇರುವುದಿಲ್ಲ!

ತೂಬಿನಕೆರೆ ಗೇಟ್:

ಆಮೇಲೆ ಅದನ್ನು ತೆಗೆಯುವುದು ಯಾರು ಬಸಣ್ಣೋರೇ? ಕಣದ ಮೈಗೆ ಅಂಟಿ ಕೂತ ಸರ್ಫ್ಯಾಕ್ಟಂಟ್ ಡಯಾಲಿಸಿಸ್ (ಪೊರೆಯ ಮೂಲಕ ತೊಳೆಯುವುದು) ಮಾಡಿದರೂ ಪೂರ್ತಿ ಬಿಡುವುದಿಲ್ಲ. ಮೈಮೇಲೆ ಎಷ್ಟು ಚಾರ್ಜು ಅಂತ ಅಳೆಯುವವರಿಗೆ ಅದೇ ಶತ್ರು. ಈ ವಿಧಾನವನ್ನು ಹುಡುಕಿದ್ದೇ ಅದಕ್ಕಾಗಿ.

ಅಲ್ಪಮತಿ:

ಇನ್ನೂ ದೊಡ್ಡದು, 10 ಮೈಕ್ರಾನ್ ಬೇಕಾದರೆ?

ಹಳೇ ಮೇಷ್ಟ್ರು:

ಅದಕ್ಕೆ ಆಕಾಶಕ್ಕೇ ಹೋಗಿದ್ದರಪ್ಪ! ಸ್ಟೈರೀನ್ ನೀರಿಗಿಂತ ಹಗುರ, ಸಾಂದ್ರತೆ 0.91. ಪಾಲಿಸ್ಟೈರೀನ್ ನೀರಿಗಿಂತ ಭಾರ, 1.05. ದೊಡ್ಡ ಕಣ ಸ್ಟೈರೀನ್ ಕುಡಿದು ಉಬ್ಬಿದಾಗ ಮೇಲೆ ತೇಲುತ್ತದೆ, ಗಟ್ಟಿಯಾದ ಮೇಲೆ ತಳಕ್ಕೆ ಕೂರುತ್ತದೆ. ಜೋರಾಗಿ ಕಲಕಿದರೆ ಒಡೆಯುತ್ತದೆ. ತೂಕವೇ ಇಲ್ಲದ ಕಡೆ ಮಾಡೋಣ ಅಂತ ವ್ಯಾಂಡರ್‌ಹಾಫ್ ತಂಡ 1982ರಲ್ಲಿ ಕೊಲಂಬಿಯಾ ಶಟಲ್‌ನಲ್ಲಿ ರಿಯಾಕ್ಟರ್ ಕಳಿಸಿತು. ಮುಂದಿನ ಹಾರಾಟಗಳಲ್ಲಿ ಬಂದ 10 ಮೈಕ್ರಾನ್ ಕಣಗಳನ್ನು ಅಮೆರಿಕದ ಪ್ರಮಾಣ ಸಂಸ್ಥೆ 1985ರಲ್ಲಿ ಅಳತೆಯ ಮಾದರಿ ಅಂತ ಮಾರಾಟಕ್ಕಿಟ್ಟಿತು. ಬಾಹ್ಯಾಕಾಶದಲ್ಲಿ ತಯಾರಾಗಿ ಮಾರಾಟವಾದ ಮೊದಲ ಸರಕು ಅದೇ.

ತಮಾಷೆ ಏನೆಂದರೆ, ನಾರ್ವೆಯಲ್ಲಿ ಉಗೆಲ್‌ಸ್ಟಾಡ್ ಅನ್ನುವವರು ಆ ಹೊತ್ತಿಗಾಗಲೇ ನೆಲದ ಮೇಲೇ ಇಂಥವನ್ನು ಮಾಡುತ್ತಿದ್ದರು. ಪುಟ್ಟ ಬೀಜಕಣಕ್ಕೆ ಮೊದಲು ನೀರಿನಲ್ಲಿ ಕರಗದ ಒಂದು ಎಣ್ಣೆಯಂಥ ವಸ್ತು ಕುಡಿಸುವುದು. ಅದು ಒಳಗೆ ಸೇರಿದರೆ ಕಣ ತನಗಿಂತ ಎಷ್ಟೋ ಪಟ್ಟು ಮಾನೊಮರ್ (ಇಲ್ಲಿ ಸ್ಟೈರೀನ್) ಹೀರುತ್ತದೆ. ನಿನಗೆ ಇವೆರಡೂ ಬೇಡ. 2–3 ಮೈಕ್ರಾನ್ ಸಾಕು ಅಂದರೆ ಎಥನಾಲ್‌ನಲ್ಲಿ ಪಿವಿಪಿ (ಕಣಗಳು ಅಂಟದಂತೆ ತಡೆಯುವ ಪಾಲಿಮರ್), ಎಐಬಿಎನ್ (ಕ್ರಿಯೆ ಶುರು ಮಾಡುವ ವಸ್ತು) ಹಾಕಿ ಡಿಸ್ಪರ್ಷನ್ ಪಾಲಿಮರೀಕರಣ ಮಾಡು, ಕಾಲೇಜು ಲ್ಯಾಬಿನಲ್ಲೇ ಆಗುತ್ತದೆ.

ಕುಕ್ಕರಹಳ್ಳಿ ಕೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ಮಾಡಿ ಬಂದೆ. ಹಳೇ ಬ್ಯಾಚನ್ನೇ ಮತ್ತೆ ಅಳೆದೆ. ಸ್ಯಾಂಪಲ್ ಹೊರಗಿಟ್ಟು, 10 ಮಿಲಿಮೋಲಾರ್ ಉಪ್ಪಿನಲ್ಲಿ ತೆಳು ಮಾಡಿ, ಅಂಕಿ ನಿಲ್ಲುವವರೆಗೆ ಕಾದೆ. 386ಕ್ಕೆ ನಿಂತಿತು. ಪಿಡಿಐ ಮಾತ್ರ 0.03ರ ಕೆಳಗೆ ಬರಲಿಲ್ಲ. ಎಸ್‌ಇಎಂ 5 ಕಿಲೋವೋಲ್ಟ್‌ನಲ್ಲಿ ದೊಡ್ಡ ಗುಂಪಿಗೆ 377. ಬಿಡಿಕಣಗಳ ಸ್ಯಾಂಪಲ್‌ನಲ್ಲಿ ಎಲ್ಲವನ್ನೂ ಸೇರಿಸಿ ಅಳೆದರೆ ಏರಿಳಿತ ಶೇಕಡಾ 9. ಗ್ರಾಫ್ ಹಾಕಿದರೆ ಎರಡು ಗುಡ್ಡ.

ಆಮೇಲೆ ಪರ್‌ಸಲ್ಫೇಟ್ ಒಂದೇ ಸಲ ಸುರಿದು ಹೊಸ ಬ್ಯಾಚ್ ಮಾಡಿದೆವು. ಡಿಎಲ್‌ಎಸ್ 352, ಎಸ್‌ಇಎಂ 344. ಒಂದೇ ಗುಡ್ಡ, ಅಂಚು ಸೇರಿಸಿ ಶೇಕಡಾ 3.4. ಪಿಡಿಐ 0.01. ಈ 8 ನ್ಯಾನೋಮೀಟರ್ ವ್ಯತ್ಯಾಸಕ್ಕೂ ಕಾರಣ ಹುಡುಕಬೇಕಾ?

ಸಮೀಕರಣ:

ಬೇಡ. ಒಂದು ಒದ್ದೆ ಕಣದ ಓಡಾಟ, ಇನ್ನೊಂದು ನಿರ್ವಾತದಲ್ಲಿ ಒಣಗಿದ ಕಣದ ಚಿತ್ರ. ಎರಡೂ ಬರೆಯಿರಿ, ಹೇಗೆ ಅಳೆದಿರಿ ಅಂತಲೂ ಬರೆಯಿರಿ. ಎರಡನ್ನೂ ಸೇರಿಸಿ ಸರಾಸರಿ ತೆಗೆಯುವ ಕೆಲಸ ಮಾತ್ರ ಮಾಡಬೇಡಿ. ತುಂಬಿರುವ ಜಾಗದ ಲೆಕ್ಕಕ್ಕೆ ಘನಾಂಶವನ್ನು ಒಣಗಿಸಿ ತೂಗಿ, ಸಾಂದ್ರತೆ 1.05 ಹಾಕಿ.

ಗಾಜುಕುಪ್ಪಿ:

ಹರಳು ಮಾಡುವ ಮೊದಲು ಶುದ್ಧ ಮಾಡಿ. ಉಳಿದ ಪರ್‌ಸಲ್ಫೇಟ್, ಸ್ಟೈರೀನ್, ಚೂರುಪಾರು ಸರಪಳಿ ಎಲ್ಲ ನೀರಿನಲ್ಲಿದೆ. ಡಯಾಲಿಸಿಸ್ ಟ್ಯೂಬನ್ನು ಮೊದಲು ಕುದಿಸಿ ತೊಳೆದು ಬಳಸಿ, ಹೊರಗಿನ ನೀರು ಬದಲಿಸುತ್ತಾ ಇರಿ, ಅದರ ವಾಹಕತೆ ಹೊಸ ನೀರಿನ ಮಟ್ಟಕ್ಕೆ ಬರುವವರೆಗೆ. ಸೆಂಟ್ರಿಫ್ಯೂಜ್ ಬೇಗ ಆಗುತ್ತದೆ, ಆದರೆ ಜಾಸ್ತಿ ಜೋರಾಗಿ ತಿರುಗಿಸಿದರೆ ತಳದ ಗಟ್ಟಿ ಪದರ ಮತ್ತೆ ಬಿಡಿಯಾಗುವುದಿಲ್ಲ. ಇಷ್ಟು ಹೊತ್ತು ಬಯ್ದ ಜೋಡಿಕಣಗಳನ್ನು ನೀವೇ ತಯಾರಿಸಿದ ಹಾಗಾಗುತ್ತದೆ. ಆದಮೇಲೆ ಇನ್ನೊಮ್ಮೆ ಡಿಎಲ್‌ಎಸ್ ನೋಡಿ.

ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಒಮ್ಮೆ ಗಡ್ಡೆಕಟ್ಟಿದರೆ ಮುಗಿಯಿತು. ಬೂಷ್ಟು ಬರಬಾರದು ಅಂತ ಸೋಡಿಯಂ ಅಜೈಡ್ ಹಾಕುವವರಿದ್ದಾರೆ. ಅದು ವಿಷ, ಸಿಂಕಿಗೆ ಚೆಲ್ಲಬೇಡಿ, ಆಸಿಡ್ ಜೊತೆ ಸೇರಿಸಬೇಡಿ.

ಕುಕ್ಕರಹಳ್ಳಿ ಕೆರೆ:

ಸರಿ ಸರ್. ಕೊನೆಯದೊಂದು. ಹನಿ ಒಣಗಿದಾಗ ಹಸಿರು, ಕೆಂಪು ಬಣ್ಣ ಹೊಳೆಯಬೇಕು ಅಂತ ಓದಿದ್ದೆ. ನಮ್ಮದು ಬರೀ ಬಿಳಿ. ಓರೆಯಾಗಿ ನೋಡಿದರೆ ಎಲ್ಲೋ ಸ್ವಲ್ಪ ಮಿನುಗುತ್ತದೆ.

ಸಮೀಕರಣ:

ನಿಮ್ಮ ಕಣ ಆ ಬಣ್ಣಕ್ಕೆ ದೊಡ್ಡದಾಯಿತು. ಒತ್ತಾಗಿ ಕೂತ ಪದರಗಳ ನಡುವಿನ ದೂರ ವ್ಯಾಸದ 0.816 ಪಟ್ಟು. ಅದನ್ನು ಎರಡರಿಂದ ಗುಣಿಸಿ, ಪಾಲಿಸ್ಟೈರೀನ್ ಮತ್ತು ಗಾಳಿ ಸೇರಿದ ವಕ್ರೀಭವನಾಂಕ ಸುಮಾರು 1.46ರಿಂದ ಗುಣಿಸಿದರೆ, ನೇರವಾಗಿ ನೋಡಿದಾಗ ವಾಪಸ್ ಬರುವ ತರಂಗ ಸಿಗುತ್ತದೆ. 344ಕ್ಕೆ ಸುಮಾರು 820 ನ್ಯಾನೋಮೀಟರ್, ಅವಕೆಂಪು, ಕಣ್ಣಿಗೆ ಕಾಣುವುದಿಲ್ಲ. 220ರ ಕಣ ಮಾಡಿದರೆ 525ರ ಹತ್ತಿರ, ಒಳ್ಳೆ ಹಸಿರು. 260ಕ್ಕೆ ಕೆಂಪಿನ ಕಡೆ.

ಓಪಲ್ ರತ್ನದ ಬಣ್ಣವೂ ಇದೇ ಲೆಕ್ಕ, ಅಲ್ಲಿ ಸಿಲಿಕಾ ಗುಂಡುಗಳು. ಬೆಂಗಳೂರಿನಲ್ಲಿ ಕೂತು ಸಿ. ವಿ. ರಾಮನ್ 1953ರಲ್ಲಿ ಓಪಲ್ ಹೊಳಪಿನ ಬಗ್ಗೆ ಬರೆದಿದ್ದರು. ಒಳಗಿನ ಗುಂಡುಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1964ರಲ್ಲಿ, ಆಸ್ಟ್ರೇಲಿಯಾದಲ್ಲಿ.

ಕುಕ್ಕರಹಳ್ಳಿ ಕೆರೆ:

ಹಾಗಾದರೆ 220ಕ್ಕೆ ಇಳಿಸಲು ಏನು ಮಾಡಲಿ? ಉಷ್ಣತೆ ಏರಿಸಲಾ?

ತೂಬಿನಕೆರೆ ಗೇಟ್:

ಉಷ್ಣತೆ ಒಂದರಿಂದಲೇ ಅಷ್ಟು ಇಳಿಯುವುದಿಲ್ಲ. ಸ್ಟೈರೀನ್ ಕಮ್ಮಿ ಮಾಡಿ, ಜೊತೆಗೆ ಸೋಡಿಯಂ ಸ್ಟೈರೀನ್ ಸಲ್ಫೊನೇಟ್ ಚಿಟಿಕೆಯಷ್ಟು ಹಾಕಿ. ಸ್ಟೈರೀನ್ ತೂಕದ ಶೇಕಡಾ 1ಕ್ಕಿಂತ ತುಂಬಾ ಕೆಳಗಿನಿಂದಲೇ ಶುರು ಮಾಡಿ. ಅದು ಸರಪಳಿಯೊಳಗೇ ಸೇರಿಕೊಂಡು ಚಾರ್ಜು ಕೊಡುತ್ತದೆ, ಪುಟ್ಟ ಕಣಗಳು ಬೇಗ ಅಂಟುವುದನ್ನು ನಿಲ್ಲಿಸುತ್ತವೆ, ಸಂಖ್ಯೆ ಜಾಸ್ತಿ, ಗಾತ್ರ ಕಮ್ಮಿ. ಕೈ ಮುಂದಾದರೆ ನೀರಿನಲ್ಲೇ ಕರಗುವ ಪಾಲಿಮರ್ ಆಗಿ ಗಾತ್ರಗಳೆಲ್ಲ ಚೆದುರುತ್ತವೆ. ಪುಡಿಯನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಪರ್‌ಸಲ್ಫೇಟ್‌ಗಿಂತ ಮೊದಲು ಹಾಕಿ. ಬೆಳಿಗ್ಗೆ ಬೇಗ ಶುರು ಮಾಡಿ, ನೀಲಿ ಛಾಯೆ ಬರುವ ಹೊತ್ತಿಗೆ ಊಟಕ್ಕೆ ಅಂತ ಎದ್ದು ಹೋಗಬೇಡಿ.